ಹೆಚ್ಚುವರಿ ಹಾಳೆಗೆ ದಾರ ಕಟ್ಟಿದ್ದೀರಾ?



ಪರೀಕ್ಷೆಯ ಕೊನೆಯ ಹತ್ತು ನಿಮಿಷದ ಗಂಟೆ ಬಾರಿಸಿದೊಡನೆ ನಾನು ಏರುದನಿಯಲ್ಲಿ ಕೇಳುತ್ತಿದ್ದ ಪ್ರಶ್ನೆ ನಿಮ್ಮಲ್ಲಿ ಹಲವರಿಗೆ ಈಗಲೂ ನೆನಪಿರಬಹುದು. "ಅಡಿಷನಲ್ ಶೀಟ್‌ಗೆ ದಾರ ಕಟ್ಟಿದ್ರೇನ್ರೋ? ಎಷ್ಟು ಹಾಳೆ ಅಂತ ಮುಖಪುಟದಲ್ಲಿ ಬರೆದ್ರಾ?" ಮೂರು ದಶಕಗಳ ಕಾಲ ಈ ಒಂದೇ ಪ್ರಶ್ನೆಯನ್ನು ಕೇಳಿ ಕೇಳಿ ನನಗೇ ಬೇಸರ ಬಂದಿತ್ತು. ನಿವೃತ್ತಿಯ ನಂತರ ಇನ್ನು ಆ ಪ್ರಶ್ನೆಯ ಕಾಟ ತಪ್ಪಿತು ಎಂದುಕೊಂಡಿದ್ದೆ. ಆದರೆ ಇಂದು ಅದನ್ನೇ ಮತ್ತೆ ಕೇಳಬೇಕಾಗಿ ಬಂದಿದೆ.

ಕಾರಣವಿಷ್ಟೇ. ಈಚೆಗೆ ಮನೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಮಾತಿನ ನಡುವೆ, "ಎರಡು ಜಿಬಿ ಲಿಮಿಟ್ಟು ಅನ್ನೋದು ಈಗಿನ ಹುಡುಗರಿಗೆ ಗೊತ್ತೇ ಇಲ್ಲ ಸಾರ್. ಈಗೆಲ್ಲ ಅರವತ್ನಾಲ್ಕು ಬಿಟ್ಟು. ಅದು ಮುಗಿದ ಕಥೆ" ಎಂದ. ಅವನ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ನಾನು ಒಪ್ಪಲಾರೆ. ಏಕೆ ಒಪ್ಪಲಾರೆ ಎಂಬುದನ್ನು ಹೇಳುವುದಕ್ಕಾಗಿಯೇ ಈ ಬರಹ.

2004ರ ಒಂದು ಭಾನುವಾರ. ಆಗ ನಾನಿನ್ನೂ ಸೇವೆಯಲ್ಲಿದ್ದೆ. ಗಣಿತದಲ್ಲಿ ಚುರುಕಾಗಿದ್ದ ಹುಡುಗನೊಬ್ಬ ಲಗ್ಗೆರೆಯ ನಮ್ಮ ಮನೆಗೆ ಬಂದ. ಪೀಣ್ಯದ ಸುತ್ತಮುತ್ತಲಿನ ಸಣ್ಣ ಕಾರ್ಖಾನೆಗಳ ಹಾಜರಿ ಮತ್ತು ಸಂಬಳದ ಲೆಕ್ಕ ಇಡುತ್ತಿದ್ದ ಕಚೇರಿಯೊಂದರಲ್ಲಿ ಅವನಿಗೆ ಯುನಿಕ್ಸ್ ಯಂತ್ರವನ್ನು ನೋಡಿಕೊಳ್ಳುವ ಕೆಲಸ. ಕಚೇರಿಯ ಹೆಸರು ಇಲ್ಲಿ ಬೇಡ. ನಮ್ಮ ಮನೆಯಾಕೆ ಕೊಟ್ಟ ಕಾಫಿಯನ್ನು ಆರಲು ಬಿಟ್ಟು, ಜೇಬಿನಿಂದ ಒಂದು ಚೀಟಿ ತೆಗೆದು ನನ್ನ ಮುಂದಿಟ್ಟ. ಅದರಲ್ಲಿ ಒಂದೇ ಒಂದು ಸಂಖ್ಯೆ: 2,14,74,83,647.

"ಸಾರ್, ಮೂರು ವಾರದಿಂದ ರಾತ್ರಿ ತೆಗೆಯೋ ಬ್ಯಾಕಪ್ ಫೈಲು ಇಷ್ಟೇ ಬೈಟು ಬರ್ತಿದೆ. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ಒಳಗಿರೋ ಲೆಕ್ಕ ಮಾತ್ರ ದಿನಾ ಬೆಳೀತಿದೆ."

ಗಣಿತದ ಮೇಷ್ಟರಿಗೆ ಆ ಸಂಖ್ಯೆ ಅಪರಿಚಿತವಲ್ಲ. "ಏನಯ್ಯಾ, ಇದು ಆಯ್ಲರನ ಸಂಖ್ಯೆಯಲ್ಲವೇನೋ!" ಎಂದೆ. ಎರಡರ ಮೂವತ್ತೊಂದನೆಯ ಘಾತದಿಂದ ಒಂದನ್ನು ಕಳೆದರೆ ಬರುವ ಸಂಖ್ಯೆ ಅದು. ಅದು ಅವಿಭಾಜ್ಯವೆಂದು ಆಯ್ಲರ್ 1772ರಲ್ಲಿಯೇ ಸಾಧಿಸಿ ತೋರಿಸಿದ್ದ. "ಎರಡರ ಮೂವತ್ತೊಂದನೆಯ ಘಾತ" ಎಂಬ ಮಾತು ನನ್ನ ಬಾಯಿಂದ ಬಿದ್ದೊಡನೆ ಹುಡುಗ ಹಣೆ ಚಚ್ಚಿಕೊಂಡ. ಅವನ ಬ್ಯಾಕಪ್ ಗೋಡೆಗೆ ತಾಗಿ ನಿಂತಿತ್ತು. ಮೂರು ವಾರಗಳಿಂದ ಫೈಲಿನ ಬಾಲ ಪ್ರತಿ ರಾತ್ರಿಯೂ ತುಂಡಾಗುತ್ತಿತ್ತು. ಯಂತ್ರ ಒಂದು ಸಾಲಿನ ದೂರನ್ನು ಎಲ್ಲಿಯೋ ದಾಖಲಿಸಿತ್ತು, ಅದನ್ನು ಓದುವವರಿರಲಿಲ್ಲ.

ಈ ಗೋಡೆ ಎಲ್ಲಿಂದ ಬಂತು? ಫೈಲಿನೊಳಗೆ ಎಷ್ಟನೆಯ ಬೈಟಿನಲ್ಲಿದ್ದೇವೆ ಎಂಬುದನ್ನು ಯಂತ್ರ ಒಂದು ಸಂಖ್ಯೆಯಾಗಿ ನೆನಪಿಡಬೇಕು. ಹಳೆಯ ಯುನಿಕ್ಸ್‌ಗಳಲ್ಲಿ ಆ ಸಂಖ್ಯೆಗೆ ಕೊಟ್ಟಿದ್ದ ಸ್ಥಳ 32 ಬಿಟ್ಟುಗಳು. ಅದರಲ್ಲಿ ಒಂದು ಧನ, ಋಣ ಚಿಹ್ನೆಗೆ ಮೀಸಲು. ಫೈಲಿನೊಳಗೆ ಮುಂದಕ್ಕೆ ಹೋದಂತೆ ಹಿಂದಕ್ಕೂ ಸರಿಯಬೇಕಾಗುತ್ತದೆ. ಕೆಲಸ ಕೆಟ್ಟಿತೆಂದು ತಿಳಿಸಲು ಋಣ ಒಂದನ್ನು ಬಳಸುವ ವಾಡಿಕೆಯೂ ಇತ್ತು. ಹೀಗಾಗಿ ಎಣಿಕೆಗೆ ಉಳಿದದ್ದು 31 ಬಿಟ್ಟು. ನಾಲ್ಕು ಜಿಬಿ ಆಗಬಹುದಾಗಿದ್ದ ಮಿತಿ ಎರಡು ಜಿಬಿಗೆ ಇಳಿಯಿತು.

ಇದನ್ನು ಕೇಳಿದ ಕೂಡಲೇ "ಮಾಡಿದವರಿಗೆ ಅಷ್ಟೂ ಮುಂದಾಲೋಚನೆ ಇರಲಿಲ್ಲವೇ" ಎಂದು ಮೂಗು ಮುರಿಯುವವರಿದ್ದಾರೆ. ಆ ಮಾತು ನ್ಯಾಯವಲ್ಲ. ರಿಚಿ ಮತ್ತು ಥಾಂಪ್ಸನ್ ಎಂಬ ಯುನಿಕ್ಸ್ ಜನಕರು 1974ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಫೈಲಿನ ಗರಿಷ್ಠ ಗಾತ್ರ 10,48,576 ಬೈಟು, ಅಂದರೆ ಒಂದು ಮೆಗಾಬೈಟು ಎಂದಿದೆ. 1978ರಲ್ಲಿ ಅದೇ ಪ್ರಬಂಧದ ಪರಿಷ್ಕೃತ ರೂಪದಲ್ಲಿ ಆ ಮಿತಿ 1,08,22,01,088 ಬೈಟು. ನಾಲ್ಕೇ ವರ್ಷಗಳಲ್ಲಿ ಸಾವಿರ ಪಟ್ಟು! ಅವರ ಆಗಿನ ಯಂತ್ರದ ಪದ 16 ಬಿಟ್ಟಿನದು. 65,535ಕ್ಕಿಂತ ದೊಡ್ಡ ಸಂಖ್ಯೆ ಅದರಲ್ಲಿ ಹಿಡಿಸದು. ಆದುದರಿಂದ ಫೈಲಿನೊಳಗೆ ದೂರ ಜಿಗಿಯಲು ಅವರೇ ಒಂದು ಉಪಾಯ ಮಾಡಿದ್ದರು. 'ಸೀಕ್' ಎಂಬ ಆಜ್ಞೆಗೆ ದೂರವನ್ನು ಬೈಟುಗಳಲ್ಲಿ ಹೇಳಬಹುದಿತ್ತು, ಇಲ್ಲವೇ 512 ಬೈಟುಗಳ ಕಟ್ಟುಗಳ ಲೆಕ್ಕದಲ್ಲಿ ಹೇಳಬಹುದಿತ್ತು. 1979ರ ಏಳನೆಯ ಆವೃತ್ತಿಯಲ್ಲಿ 32 ಬಿಟ್ಟಿನ ಉದ್ದ ಸಂಖ್ಯೆ ಬಂದಾಗ ಆ ಆಜ್ಞೆ 'ಎಲ್‌ಸೀಕ್' ಆಯಿತು. ಮುಂದಿನ 'ಎಲ್' ಎಂದರೆ ಲಾಂಗ್, ಉದ್ದ. ಮಿತಿಯನ್ನು ದಾಟುವ ಉಪಾಯ ಯುನಿಕ್ಸ್‌ನ ಆರಂಭದ ವರ್ಷಗಳಲ್ಲಿಯೇ ಬಂದದ್ದು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಇನ್ನೊಂದು ಬಗೆಯ ಮಿತಿಯೂ ಇದೆ. 'ಯುಲಿಮಿಟ್' ಎಂಬ ಹೆಸರಿನಲ್ಲಿ ಯಂತ್ರದ ಮೇಲ್ವಿಚಾರಕರೇ ಹಾಕುವ ಮಿತಿ ಅದು. ಯಾರದೋ ಒಂದು ಪ್ರೋಗ್ರಾಂ ಹುಚ್ಚೆದ್ದು ಬರೆಯುತ್ತಾ ಹೋಗಿ ಎಲ್ಲರ ಡಿಸ್ಕನ್ನು ತುಂಬಿಸಬಾರದೆಂದು ಹಾಕಿದ ಕಡಿವಾಣ. ಈ ಎರಡು ಮಿತಿಗಳ ವ್ಯತ್ಯಾಸವನ್ನು ಗಮನಿಸಿ. ಒಂದು, ಬಾಗಿಲು ಗಿಡ್ಡವಾಗಿರುವುದರಿಂದ ತಲೆ ಬಗ್ಗಿಸಬೇಕಾದದ್ದು. ಇನ್ನೊಂದು, ಎಲ್ಲರಿಗೂ ಸಿಗಲೆಂದು ಪಡಿತರ ಅಂಗಡಿಯಲ್ಲಿ ಅಳೆದು ಕೊಡುವಂಥದ್ದು. ಮೊದಲನೆಯದನ್ನು ಜಾಣತನದಿಂದ ದಾಟಬಹುದು. ಎರಡನೆಯದನ್ನು ಕೇಳಿ ಹೆಚ್ಚಿಸಿಕೊಳ್ಳಬೇಕೇ ಹೊರತು ಕಳ್ಳದಾರಿಯಲ್ಲಿ ದಾಟಬಾರದು. ಉಪಾಯಕ್ಕೆ ಕೈಹಾಕುವ ಮುನ್ನ ಎದುರಿಗಿರುವುದು ಯಾವ ಬಗೆಯ ಮಿತಿ ಎಂದು ಕೇಳಿಕೊಳ್ಳುವುದು ಸಭ್ಯತೆ.

ನಮ್ಮ ಹುಡುಗನದು ಗಿಡ್ಡ ಬಾಗಿಲಿನ ಸಮಸ್ಯೆ. ಅಷ್ಟು ಹೊತ್ತಿಗೆ ದೊಡ್ಡ ಯಂತ್ರಗಳ ತಯಾರಕರು 1996ರಲ್ಲಿಯೇ ಒಟ್ಟುಗೂಡಿ ದೊಡ್ಡ ಫೈಲುಗಳಿಗೆ ಒಂದು ಸಾಮಾನ್ಯ ಕ್ರಮವನ್ನು ಗೊತ್ತುಮಾಡಿದ್ದರು. ಲಿನಕ್ಸ್‌ಗೂ 2001ರ 2.4ನೆಯ ಆವೃತ್ತಿಯೊಡನೆ ಆ ಶಕ್ತಿ ಬಂದಿತ್ತು. ಆದರೆ ಯಂತ್ರ ಕಲಿತರೆ ಸಾಲದು. ಅದರ ಮೇಲೆ ಓಡುವ ಹಳೆಯ ಪ್ರೋಗ್ರಾಮುಗಳನ್ನೂ ಹೊಸದಾಗಿ ಕಟ್ಟಬೇಕು, ಡಿಸ್ಕಿನ ವ್ಯವಸ್ಥೆಯನ್ನೂ ಅದಕ್ಕೆ ಅಣಿಗೊಳಿಸಬೇಕು. ಅವನ ಕಚೇರಿಯಲ್ಲಿ ಅದಕ್ಕೆ ಹಣವೂ ಇರಲಿಲ್ಲ, ಯಂತ್ರವನ್ನು ನಿಲ್ಲಿಸಲು ಪುರುಸೊತ್ತೂ ಇರಲಿಲ್ಲ.

ಒಂದು ವಾರದ ನಂತರ ಬಂದು ತಾನು ಮಾಡಿದ ಉಪಾಯವನ್ನು ನನಗೆ ವಿವರಿಸಿದ. ಯುನಿಕ್ಸ್‌ನಲ್ಲಿ ಹೆಸರುಳ್ಳ ಪೈಪು ಎಂಬುದೊಂದಿದೆ. ನೋಡುವುದಕ್ಕೆ ಫೈಲಿನಂತೆಯೇ ಒಂದು ಹೆಸರು. ಆದರೆ ಅದು ಏನನ್ನೂ ಕೂಡಿಡುವುದಿಲ್ಲ. ಕೊಳಾಯಿಯಂತೆ ಒಂದು ತುದಿಯಲ್ಲಿ ಸುರಿದದ್ದನ್ನು ಇನ್ನೊಂದು ತುದಿಯಲ್ಲಿ ಬಿಡುತ್ತದೆ. ಲೆಕ್ಕದ ಪ್ರೋಗ್ರಾಂ ತಾನು ಫೈಲಿಗೇ ಬರೆಯುತ್ತಿದ್ದೇನೆಂದು ನಂಬಿ ಅದರೊಳಗೆ ಸುರಿಯುತ್ತದೆ. ಆಚೆ ತುದಿಯಲ್ಲಿ 'ಕಂಪ್ರೆಸ್' ಎಂಬ ಪ್ರೋಗ್ರಾಂ ಅದನ್ನು ಒತ್ತಿ ಕಿರಿದು ಮಾಡುತ್ತದೆ. ಅದರಾಚೆ 'ಸ್ಪ್ಲಿಟ್' ಎಂಬುದು ಒಂದು ಜಿಬಿಗಿಂತ ಸ್ವಲ್ಪ ಕಡಿಮೆಯ ತುಂಡುಗಳಾಗಿ ಕತ್ತರಿಸಿ ಡಿಸ್ಕಿಗೆ ಇಳಿಸುತ್ತದೆ. ದೊಡ್ಡ ಫೈಲು ಎಲ್ಲಿಯೂ ಹುಟ್ಟುವುದೇ ಇಲ್ಲ. ಆದುದರಿಂದ ಗೋಡೆಗೆ ತಾಗುವ ಮಾತೂ ಇಲ್ಲ. ಮರಳಿ ಬೇಕಾದಾಗ 'ಕ್ಯಾಟ್' ಎಂಬ ಆಜ್ಞೆಯಿಂದ ತುಂಡುಗಳನ್ನು ಸಾಲಾಗಿ ಓದಿಸಿ, ಬಿಚ್ಚಿ, ಪೈಪಿನ ಮೂಲಕವೇ ಹಿಂದಕ್ಕೆ ಹರಿಸುವುದು. ತುಂಡುಗಳ ಹೆಸರಿನ ಬಾಲದಲ್ಲಿ ಎಎ, ಎಬಿ, ಎಸಿ ಎಂದು ಎರಡೆರಡು ಅಕ್ಷರಗಳು. "ಹಾಗಾದರೆ ಇಪ್ಪತ್ತಾರು ಇಂಟು ಇಪ್ಪತ್ತಾರು, 676 ತುಂಡಿಗೆ ನಿನ್ನ ಉಪಾಯಕ್ಕೂ ಒಂದು ಮಿತಿ ಇದೆಯಲ್ಲೋ" ಎಂದೆ. ನಕ್ಕ.

ತಿಳಿದುದರಿಂದ ತಿಳಿಯದುದರೆಡೆಗೆ ಸಾಗಬೇಕೆಂಬುದು ಬಿ.ಇಡಿ. ತರಗತಿಯಲ್ಲಿ ನಮಗೆ ಕಲಿಸಿದ ಮೊದಲ ಸೂತ್ರಗಳಲ್ಲೊಂದು. ನನಗೆ ಈ ಇಡೀ ವ್ಯವಸ್ಥೆ ಪರಿಚಿತವಾಗಿಯೇ ಕಂಡಿತು. ಉತ್ತರ ಪತ್ರಿಕೆಯ ಪುಟಗಳಿಗೆ ಮಿತಿಯುಂಟು. ಬರೆಯುವವನ ಜ್ಞಾನ ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚುವರಿ ಹಾಳೆ ಕೊಡುತ್ತೇವೆ. ಹಾಳೆಗೆ ಸಂಖ್ಯೆ ಹಾಕಿ, ದಾರ ಕಟ್ಟಿ, ಒಟ್ಟು ಎಷ್ಟು ಎಂದು ಮುಖಪುಟದಲ್ಲಿ ಬರೆದರೆ ಮೌಲ್ಯಮಾಪಕನಿಗೆ ಅದು ಒಂದೇ ಪತ್ರಿಕೆ. ದಾರ ಕಟ್ಟದಿದ್ದರೆ ಅದು ಎಲ್ಲಿಂದಲೋ ಹಾರಿಬಂದ ಕಾಗದ. ಮೌಲ್ಯಮಾಪನ ಕೇಂದ್ರದಲ್ಲಿ, ಯಾರದೆಂದು ತಿಳಿಯದ ಒಂಟಿ ಹಾಳೆಯನ್ನು ಕೈಯಲ್ಲಿ ಹಿಡಿದು ನಿಂತ ಅನುಭವ ನನಗಿದೆ. ಅದರಲ್ಲಿದ್ದ ಪ್ರಮೇಯ ಸರಿಯಾಗಿಯೇ ಇತ್ತು. ಅಂಕ ಕೊಡಲು ಹೆಸರಿರಲಿಲ್ಲ.

ಈಗ ಕಥೆಯ ಕಹಿ ಭಾಗ. 2006ರಲ್ಲಿ ಹುಡುಗನಿಗೆ ಬೇರೆಡೆ ಒಳ್ಳೆಯ ಕೆಲಸ ಸಿಕ್ಕಿತು. ಹೊರಡುವ ಗಡಿಬಿಡಿಯಲ್ಲಿ ತಾನು ಮಾಡಿದ ಏರ್ಪಾಡನ್ನು ಅವನು ಎಲ್ಲಿಯೂ ಬರೆದಿಡಲಿಲ್ಲ. ಪ್ರತಿ ರಾತ್ರಿ ತುಂಡುಗಳು ಬೀಳುತ್ತಲೇ ಇದ್ದವು. 2008ರ ದೀಪಾವಳಿಗೆ ಕೆಲವು ದಿನಗಳ ಮುನ್ನ ಡಿಸ್ಕು ಕೆಟ್ಟಿತು. ಅವನ ಸ್ಥಾನಕ್ಕೆ ಬಂದಿದ್ದವರು ಅದಕ್ಕೆ ಮೊದಲೇ ಸ್ಥಳದ ಅಭಾವ ಕಂಡು, ಕೊನೆಯಲ್ಲಿದ್ದ ಚಿಕ್ಕ ತುಂಡನ್ನು ಕಸವೆಂದು ತಿಳಿದು ದಿನವೂ ಅಳಿಸುವಂತೆ ಏರ್ಪಾಡು ಮಾಡಿದ್ದರಂತೆ. ಅದರ ಹೆಸರಾದರೂ ಅರ್ಥವಿಲ್ಲದ ಎರಡಕ್ಷರ, ಅವರನ್ನು ದೂರಲಾರೆ. ಉಳಿದ ತುಂಡುಗಳನ್ನು ಜೋಡಿಸಿದಾಗ ಬಹುಪಾಲು ಲೆಕ್ಕ ಬಂತು. ಆ ತಿಂಗಳ ಹಾಜರಿಯ ಕೋಷ್ಟಕಗಳು ಮಾತ್ರ ಬರಲಿಲ್ಲ. ಅವಿದ್ದದ್ದು ಕೊನೆಯ ತುಂಡಿನಲ್ಲಿ. ಕಾರ್ಖಾನೆಗಳಿಂದ ಹಾಜರಿ ಪುಸ್ತಕಗಳನ್ನು ತರಿಸಿ ಎಲ್ಲವನ್ನೂ ಕೈಯಲ್ಲಿ ಮತ್ತೆ ತುಂಬಿದರು. ಸಂಬಳ ಹಬ್ಬ ಕಳೆದ ಮೇಲೆ ಬಂತು.

ಇದೆಲ್ಲ ನನಗೆ ತಿಳಿದದ್ದು ಆಮೇಲೆ, ಹುಡುಗನೇ ಫೋನು ಮಾಡಿ ನೊಂದುಕೊಂಡಾಗ. ಅದಕ್ಕೂ ಮೊದಲು, ಹಬ್ಬದ ಹಿಂದಿನ ದಿನ, ನಮ್ಮ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ಹೆಣ್ಣುಮಗಳೊಬ್ಬಳು ಸಾವಿರ ರೂಪಾಯಿ ಕೈಗಡ ಕೇಳಲು ಬಂದಿದ್ದಳು. ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ, ಎರಡು ಮಕ್ಕಳು. ಸಂಬಳ ಏಕಮ್ಮಾ ಬಂದಿಲ್ಲ ಎಂದರೆ, "ಕಂಪ್ಯೂಟ್ರು ಕೆಟ್ಟೋಗದಂತೆ ಸಾರ್" ಎಂದಳು. ಅವಳ ಕಾರ್ಖಾನೆಯ ಲೆಕ್ಕವೂ ಅದೇ ಕಚೇರಿಯಲ್ಲಿತ್ತೆಂದು ನಂತರ ಗೊತ್ತಾಯಿತು. ಕೆಟ್ಟದ್ದು ಡಿಸ್ಕು ನಿಜ. ಆದರೆ ಡಿಸ್ಕು ಕೆಡುತ್ತದೆಂದೇ ಅಲ್ಲವೇ ಬ್ಯಾಕಪ್ಪು ಇರುವುದು? ಅಲ್ಲಿ ಇಲ್ಲದೆ ಹೋದದ್ದು ದಾರ.

ನನ್ನ ಅಭಿಪ್ರಾಯ ಇಷ್ಟು. ಕತ್ತರಿಸುವುದು ತಪ್ಪಲ್ಲ; ಕತ್ತರಿಸಿದ್ದನ್ನು ಬರೆದಿಡದೆ ಹೋಗುವುದು ತಪ್ಪು. ಎಷ್ಟು ತುಂಡು, ಯಾವ ಕ್ರಮ, ಜೋಡಿಸುವ ಆಜ್ಞೆ ಯಾವುದು ಎಂಬ ಒಂದು ಪುಟ್ಟ ಟಿಪ್ಪಣಿ ತುಂಡುಗಳ ಪಕ್ಕದಲ್ಲಿಯೇ ಇರಬೇಕು. 'ಸಿಕೆಸಮ್' ಎಂಬ ಆಜ್ಞೆ ಪ್ರತಿ ಫೈಲಿಗೂ ಒಂದು ತಾಳೆ ಸಂಖ್ಯೆಯನ್ನೂ ಅದರ ಬೈಟುಗಳ ಎಣಿಕೆಯನ್ನೂ ಕೊಡುತ್ತದೆ. ಅದನ್ನೂ ಸೇರಿಸಿದರೆ ಮುಖಪುಟದಲ್ಲಿ ಹಾಳೆಗಳ ಸಂಖ್ಯೆ ಬರೆದಂತಾಯಿತು. ಆಗಾಗ ಒಮ್ಮೆ ಜೋಡಿಸಿಯೂ ನೋಡಬೇಕು. ಜೋಡಿಸಿ ನೋಡದ ಬ್ಯಾಕಪ್ಪು ಬ್ಯಾಕಪ್ಪಲ್ಲ, ಬರಿಯ ನಂಬಿಕೆ. "ಬರೆಯೋಕೆ ಟೈಮೆಲ್ಲಿ ಸಾರ್" ಎನ್ನುತ್ತೀರಿ. ಪರೀಕ್ಷೆಯ ಕೊನೆಯ ಹತ್ತು ನಿಮಿಷದಲ್ಲಿಯೂ ಇದೇ ಮಾತು ಹೇಳುತ್ತಿದ್ದಿರಿ. ದಾರ ಕಟ್ಟಲು ಬೇಕಾದದ್ದು ಒಂದು ನಿಮಿಷ.

ಒಳ್ಳೆಯ ಮೇಲ್ಪಂಕ್ತಿಗೆ ದೂರ ಹೋಗಬೇಕಿಲ್ಲ. ಕೆಂಗೇರಿಯಿಂದಾಚೆ ಬ್ಯಾಲಾಳುವಿನಲ್ಲಿ ಇಸ್ರೋ ಸಂಸ್ಥೆಯ ದೊಡ್ಡ ಆಂಟೆನಾಗಳಿವೆ. ಬಾಹ್ಯಾಕಾಶ ವಿಜ್ಞಾನದ ದತ್ತಾಂಶ ಕೇಂದ್ರವೂ ಅಲ್ಲಿಯೇ ಇದೆ. 2008ರಲ್ಲಿ ಹಾರಿದ ಚಂದ್ರಯಾನ–1 ಕಳುಹಿಸಿದ ಮಾಹಿತಿಯನ್ನು ಒಂದೇ ಬೃಹತ್ ಫೈಲಿನಲ್ಲಿ ಸುರಿದಿಟ್ಟಿಲ್ಲ. ಗ್ರಹಗಳ ದತ್ತಾಂಶಕ್ಕಾಗಿ ನಾಸಾ ರೂಪಿಸಿದ ಕ್ರಮವನ್ನು ಅನುಸರಿಸಿ, ಯಾವ ಉಪಕರಣ, ಯಾವ ಹೊತ್ತು, ಎಷ್ಟು ಗಾತ್ರ ಎಂಬ ವಿವರಪಟ್ಟಿಯೊಡನೆ ಜೋಡಿಸಿಟ್ಟಿದ್ದಾರೆ. ಅದನ್ನು ಸಿದ್ಧಪಡಿಸಿದವರು ನಿವೃತ್ತರಾದ ಮೇಲೂ, ಎಂದೋ ಹುಟ್ಟಲಿರುವ ವಿದ್ಯಾರ್ಥಿ ಅದನ್ನು ತೆರೆದು ಓದಬಲ್ಲ.

ಇನ್ನು "ಮುಗಿದ ಕಥೆ" ಎಂಬ ಮಾತು. 64 ಬಿಟ್ಟಿನ ಲೆಕ್ಕದಲ್ಲಿ ಫೈಲಿನ ಮಿತಿ ಸುಮಾರು 92 ಸಾವಿರ ಕೋಟಿ ಕೋಟಿ ಬೈಟು ಎಂಬುದು ನಿಜ. ಆದರೆ ಫ್ಯಾಟ್‌32 ಎಂಬ ಹಳೆಯ ಕ್ರಮದ ಪೆನ್‌ಡ್ರೈವಿಗೆ ಮಗಳ ಮದುವೆಯ ವಿಡಿಯೋ ತುಂಬಿಸಲು ಹೋಗಿ ನೋಡಿ, ನಾಲ್ಕು ಜಿಬಿ ಮುಟ್ಟಿದಲ್ಲಿ ನಿಲ್ಲುತ್ತದೆ. ಯೂಟ್ಯೂಬಿನಲ್ಲಿ ಗಂಗ್ನಮ್ ಸ್ಟೈಲ್ ಹಾಡನ್ನು ನೋಡಿದವರ ಎಣಿಕೆ 2014ರ ಡಿಸೆಂಬರಿನಲ್ಲಿ ಇದೇ ಆಯ್ಲರನ ಸಂಖ್ಯೆಯನ್ನು ದಾಟುವಂತಾದಾಗ ಅವರೂ ಎಣಿಕೆಯನ್ನು 64 ಬಿಟ್ಟಿಗೆ ಹಿಗ್ಗಿಸಬೇಕಾಯಿತು. 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುವ ಯುನಿಕ್ಸ್ ಗಡಿಯಾರ ಹಳೆಯ 32 ಬಿಟ್ಟಿನ ಯಂತ್ರಗಳಲ್ಲಿ ಇದೇ ಸಂಖ್ಯೆಯನ್ನು ಮುಟ್ಟುವುದು 2038ರ ಜನವರಿ 19, ಮಂಗಳವಾರ, ನಮ್ಮ ಕಾಲಮಾನದಲ್ಲಿ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಲಿನಕ್ಸ್‌ನವರು ಅದಕ್ಕೆ ಆಗಲೇ ಸಿದ್ಧತೆ ಮಾಡಿದ್ದಾರೆ. ಆದರೆ ಯಾವ ಮೂಲೆಯಲ್ಲಿ ಯಾವ ಹಳೆಯ ಪ್ರೋಗ್ರಾಂ ಇನ್ನೂ ಓಡುತ್ತಿದೆ ಎಂಬುದು ಬರೆದಿಟ್ಟವರಿಗೆ ಮಾತ್ರ ತಿಳಿದೀತು.

ಕೊನೆಗೆ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. 1994ರಲ್ಲಿ ಹತ್ತನೆಯ ತರಗತಿಯ ಪರೀಕ್ಷಾ ಅರ್ಜಿಗಳನ್ನು ತರಗತಿಯ ಮೇಷ್ಟರಾಗಿ ನಾನೇ ತುಂಬಿಸಿದೆ. ಹೆಸರಿನ ಒಂದೊಂದು ಇಂಗ್ಲಿಷ್ ಅಕ್ಷರಕ್ಕೆ ಒಂದೊಂದು ಚೌಕ. ಅಜ್ಜಿಯ ಹೆಸರೂ ದೇವರ ಹೆಸರೂ ಸೇರಿದ್ದ ಒಬ್ಬ ಹುಡುಗಿಯ ಹೆಸರು ಆ ಚೌಕಗಳಲ್ಲಿ ಹಿಡಿಸಲಿಲ್ಲ. ಸಂಜೆಯಾಗಿತ್ತು, ಇನ್ನೂ ಮೂವತ್ತು ಅರ್ಜಿ ಬಾಕಿಯಿತ್ತು. ಕೊನೆಯ ನಾಲ್ಕು ಅಕ್ಷರ ಬಿಟ್ಟು ಮುಂದಕ್ಕೆ ಹೋದೆ. ಅವಳಿಗೆ ಹೇಳಲಿಲ್ಲ, ಶಾಲೆಯ ದಾಖಲಾತಿ ಪುಸ್ತಕದಲ್ಲಿ ಒಂದು ಷರಾ ಬರೆಯಲೂ ಇಲ್ಲ. 2012ರಲ್ಲಿ ಅವಳು ಪಾಸ್‌ಪೋರ್ಟಿಗಾಗಿ ಓಡಾಡುತ್ತಾ, ಕೈಯಲ್ಲಿ ಮಗುವನ್ನೆತ್ತಿಕೊಂಡು ಶಾಲೆಗೆ ಬಂದಳು. ಅಂಕಪಟ್ಟಿಯಲ್ಲಿ ಒಂದು ಹೆಸರು, ಉಳಿದ ಕಾಗದಗಳಲ್ಲಿ ಇನ್ನೊಂದು. "ನನ್ನ ಹೆಸರು ಯಾರು ಕಟ್ ಮಾಡಿದ್ರೋ ಗೊತ್ತಿಲ್ಲ ಸಾರ್" ಎಂದಳು. ಯಾರೆಂದು ನನಗೆ ಗೊತ್ತಿತ್ತು. ಆ ದಿನ ಬಾಯಿ ಬರಲಿಲ್ಲ. ನೋಟರಿಯ ಪ್ರಮಾಣಪತ್ರಕ್ಕೆ, ಅರ್ಜಿಗಳಿಗೆ ಅವಳೊಡನೆ ಓಡಾಡಿದೆ. ನಿಜವನ್ನು ಮಾತ್ರ ಹೇಳಲಿಲ್ಲ. ಚೌಕಗಳು ಕಡಿಮೆಯಿದ್ದದ್ದು ನನ್ನ ತಪ್ಪಲ್ಲ. ಕತ್ತರಿಸಿ ಸುಮ್ಮನಿದ್ದದ್ದು ನನ್ನ ತಪ್ಪು.

ಅಮ್ಮಾ, ನೀನು ಇದನ್ನು ಓದುತ್ತಿದ್ದರೆ, ಅದು ನಾನೇ. ಕ್ಷಮಿಸು.

ಉಳಿದವರಿಗೆ ಅದೇ ಹಳೆಯ ಪ್ರಶ್ನೆ. ನಾಳೆ ಕೆಲಸಕ್ಕೆ ಹೋದಾಗ, ನೀವು ಹಿಂದೆಂದೋ ಮಾಡಿಟ್ಟ ಒಂದು ಉಪಾಯವನ್ನು ನೆನಪಿಸಿಕೊಳ್ಳಿ. ನೀವಿಲ್ಲದ ದಿನ ಅದು ಇನ್ನೊಬ್ಬರಿಗೆ ತಿಳಿಯುತ್ತದೆಯೇ? ಹಾಳೆಗೆ ದಾರ ಕಟ್ಟಿದ್ದೀರಾ? ಗಂಟೆ ಬಾರಿಸುವ ಮೊದಲು ಒಮ್ಮೆ ನೋಡಿಕೊಳ್ಳಿ.

ನಿಮ್ಮ ಪ್ರೀತಿಯ ಗಣಿತದ ಮೇಷ್ಟ್ರು,
ಲಗ್ಗೆರೆ